ಅಗುಳಿಯಿಲ್ಲದ ಬಾಗಿಲು

ದಶಲಕ್ಷಣ ಪರ್ವದ ಕೊನೆಯ ದಿನಗಳು. ದಾಂಡೇಲಿಯಲ್ಲಿ ಆ ವರ್ಷ ಭಾದ್ರಪದದ ಶುಕ್ಲಪಕ್ಷ ಮುಗಿಯುತ್ತ ಬಂದರೂ ಮಳೆ ಬಿಟ್ಟಿರಲಿಲ್ಲ. ಅಂಗಡಿಯನ್ನು ಬೇಗನೆ ಮುಚ್ಚಿ, ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸಿ, ಊರಿನ ಹಿರಿಯ ವರ್ತಕರೊಬ್ಬರು ಪಡಸಾಲೆಯಲ್ಲಿ ಕುಳಿತಿದ್ದರು. ಬೆಂಗಳೂರಿನಲ್ಲಿ ತಂತ್ರಾಂಶ ಬರೆಯುವ ಉದ್ಯೋಗದಲ್ಲಿರುವ ಅವರ ಮೊಮ್ಮಗ ಅನಂತ ಚತುರ್ದಶಿಗೆಂದು ಊರಿಗೆ ಬಂದಿದ್ದ. ದೂರದರ್ಶನದ ಪರದೆಯ ಮೇಲೆ ಯಾವುದೋ ಆಂಗ್ಲ ಚಿತ್ರ ನಡೆದಿತ್ತು. ಕಪ್ಪು ಅಂಗಿಯ ತರುಣನೊಬ್ಬ ಕತ್ತಲೆಯ ಕೋಣೆಯಲ್ಲಿ ಕುಳಿತು ಕೀಲಿಮಣೆಯನ್ನು ಮಳೆ ಸುರಿದಂತೆ ಬಡಿಯುತ್ತಿದ್ದ. ಹಸಿರು ಅಕ್ಷರಗಳು ಮೇಲಿನಿಂದ ಕೆಳಕ್ಕೆ ಹರಿದು, ಅರ್ಧ ನಿಮಿಷದಲ್ಲಿ ಒಂದು ಬ್ಯಾಂಕಿನ ಭಂಡಾರವೇ ಅವನಿಗೆ ತೆರೆದುಕೊಂಡಿತು. ಮೊಮ್ಮಗ ನಕ್ಕ. ಅಜ್ಜ ನಗಲಿಲ್ಲ. "ಇದೇ ಏನಪ್ಪಾ ನೀವು ಅಲ್ಲಿ ಕಲಿಯುವ ವಿದ್ಯೆ?" ಎಂದು ಕೇಳಿದರು.

ಈ ಪ್ರಶ್ನೆಯನ್ನು ವೃದ್ಧರ ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ. ಗಣಕಯಂತ್ರದೊಡನೆ ಬಾಳುವ ತರುಣರ ಬದುಕು ಮನೆಯ ಹಿರಿಯರನ್ನು ಮುಟ್ಟುವುದು ಸಾಮಾನ್ಯವಾಗಿ ಎರಡೇ ಮಾರ್ಗಗಳಿಂದ. ಒಂದು ಚಲನಚಿತ್ರ, ಇನ್ನೊಂದು ವೃತ್ತಪತ್ರಿಕೆಯ ಅಪರಾಧ ವಾರ್ತೆ. 1983ರಲ್ಲಿ ತೆರೆಕಂಡ 'ವಾರ್‌ಗೇಮ್ಸ್' ಎಂಬ ಚಿತ್ರದಲ್ಲಿ ಶಾಲಾ ಬಾಲಕನೊಬ್ಬ ದೂರವಾಣಿಯಿಂದ ಒಂದಾದ ಮೇಲೊಂದು ಸಂಖ್ಯೆಗೆ ಕರೆ ಕಳುಹಿಸುತ್ತ, ಆಟವೆಂದು ಭಾವಿಸಿ ಸೈನ್ಯದ ಗಣಕದೊಳಗೆ ಹೊಕ್ಕು, ಲೋಕವನ್ನು ಅಣುಯುದ್ಧದ ಅಂಚಿಗೆ ತರುತ್ತಾನೆ. ಅಮೆರಿಕದ ಅಧ್ಯಕ್ಷರಾಗಿದ್ದ ರೇಗನ್ ಆ ಚಿತ್ರವನ್ನು ನೋಡಿ, ಇಂತಹದು ನಿಜವಾಗಿ ಸಾಧ್ಯವೇ ಎಂದು ಸೇನಾಧಿಕಾರಿಗಳನ್ನು ವಿಚಾರಿಸಿದರೆಂಬುದೂ, ಮರುವರ್ಷ ಗಣಕಗಳ ಭದ್ರತೆಯನ್ನು ಕುರಿತು ಅಲ್ಲಿ ರಾಜಾಜ್ಞೆಯೇ ಹೊರಟಿತೆಂಬುದೂ ಇತಿಹಾಸ. ಇನ್ನು ವಾರ್ತೆಯ ಮಾತು: 2019ರಲ್ಲಿ ಕರ್ನಾಟಕ ಸರ್ಕಾರದ ಟೆಂಡರ್ ವ್ಯವಹಾರದ ಗಣಕಜಾಲಕ್ಕೆ ಕನ್ನ ಹಾಕಿ, ಗುತ್ತಿಗೆದಾರರು ಇಟ್ಟಿದ್ದ ಬಯಾನೆ ಹಣದಲ್ಲಿ ಸುಮಾರು 11.5 ಕೋಟಿ ರೂಪಾಯಿಗಳನ್ನು ಅಪಹರಿಸಿದ ಪ್ರಕರಣ ರಾಜ್ಯದಲ್ಲೆಲ್ಲ ಮಾತಿಗೆ ವಸ್ತುವಾಯಿತು. ಚಿತ್ರವನ್ನೂ ವಾರ್ತೆಯನ್ನೂ ಕೂಡಿಸಿ ನೋಡಿದ ಹಿರಿಯನೊಬ್ಬನಿಗೆ ಮೊಮ್ಮಗನ ಉದ್ಯೋಗದ ಬಗ್ಗೆ ಸಂಶಯ ಬಂದರೆ ಅದು ಅವನ ದೋಷವಲ್ಲ.

ಮೊಮ್ಮಗ ವಿವರಿಸಲು ಯತ್ನಿಸಿದ. ಹ್ಯಾಕ್ ಎಂಬ ಮಾತು ಮೊದಲು ಕಳ್ಳತನವನ್ನು ಸೂಚಿಸುತ್ತಿರಲಿಲ್ಲ. ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಆಟಿಕೆ ರೈಲುಗಳನ್ನು ಓಡಿಸುತ್ತಿದ್ದ ವಿದ್ಯಾರ್ಥಿಗಳ ಕೂಟವೊಂದಿತ್ತು. 1950ರ ದಶಕದ ಕೊನೆಯಲ್ಲಿ ಅವರು, ತಂತಿ ಮತ್ತು ಸ್ವಿಚ್ಚುಗಳಿಂದ ಯಾರಿಗೂ ತೋಚದ ಚತುರ ಉಪಾಯವನ್ನು ಹೂಡಿದರೆ ಅದನ್ನು ಆ ಮಾತಿನಿಂದ ಕರೆಯುತ್ತಿದ್ದರು. ಅಲ್ಲಿಂದ ಅದು ಗಣಕಕ್ಕೆ ಬಂದಿತು. ಬೀಗ ಮುರಿಯುವವನಿಗೆ ಆ ಹೆಸರು ಅಂಟಿದ್ದು ತರುವಾಯದ ಮಾತು. ನಿತ್ಯದ ಕೆಲಸವಂತೂ ಪರದೆಯ ಮೇಲೆ ತೋರಿಸಲು ಯೋಗ್ಯವೇ ಅಲ್ಲ. ಬೇರೊಬ್ಬರು ಬರೆದಿಟ್ಟುದನ್ನು ಓದುವುದು, ಎಲ್ಲಿ ತಪ್ಪಿದೆಯೆಂದು ತಲೆ ಕೆರೆದುಕೊಳ್ಳುವುದು, ಮೂರು ಗಂಟೆ ಕಳೆದ ಮೇಲೆ ಒಂದು ಅರ್ಧವಿರಾಮ ಚಿಹ್ನೆ ಬಿಟ್ಟುಹೋದದ್ದನ್ನು ಕಾಣುವುದು. 2003ರಲ್ಲಿ ಬಂದ 'ಮ್ಯಾಟ್ರಿಕ್ಸ್' ಸರಣಿಯ ಎರಡನೆಯ ಚಿತ್ರದಲ್ಲಿ ನಾಯಕಿಯು ಹುಸಿ ಉಪಕರಣದ ಬದಲು 'ಎನ್‌ಮ್ಯಾಪ್' ಎಂಬ ನಿಜವಾದ ಉಪಕರಣವನ್ನು ಬಳಸಿದಳೆಂಬ ಕಾರಣಕ್ಕೆ ಈ ವೃತ್ತಿಯವರು ಹಬ್ಬ ಆಚರಿಸಿದರಂತೆ. ಚಿತ್ರಗಳು ಎಷ್ಟು ದೂರದಲ್ಲಿವೆಯೆಂಬುದಕ್ಕೆ ಇದೊಂದೇ ಸಾಕ್ಷಿ ಸಾಕು.

ವರ್ತಕರಿಗೆ ಹಿಡಿಸಿದ್ದು ಬೇರೊಂದು ಸಂಗತಿ. ತಂತ್ರಾಂಶ ಬರೆಯುವವರು ತಮ್ಮ ಕೆಲಸದ ದಾಖಲೆಯನ್ನಿಡಲು 'ಗಿಟ್' ಎಂಬ ಸಾಧನವನ್ನು ಬಳಸುತ್ತಾರೆ. ಲಿನಕ್ಸ್ ವ್ಯವಸ್ಥೆಯ ಮೂಲಪುರುಷ ಲೀನಸ್ ಟೋರ್ವಾಲ್ಡ್ಸ್ 2005ರಲ್ಲಿ ಅದನ್ನು ಸಿದ್ಧಪಡಿಸಿದರು. ಯಾರು, ಯಾವ ದಿನ, ಯಾವ ಸಾಲನ್ನು, ಯಾವ ಕಾರಣಕ್ಕೆ ಬದಲಿಸಿದರೆಂಬುದು ಅದರಲ್ಲಿ ನಮೂದಾಗುತ್ತದೆ. ಪ್ರತಿ ನಮೂದಿಗೂ ಹಿಂದಿನ ನಮೂದಿನಿಂದ ಹುಟ್ಟಿದ ಒಂದು ಗುರುತು ಸಂಖ್ಯೆಯಿರುವುದರಿಂದ, ಹಳೆಯದೊಂದನ್ನು ಗುಟ್ಟಾಗಿ ತಿದ್ದಿದರೆ ಅಲ್ಲಿಂದ ಮುಂದಿನ ಸಂಖ್ಯೆಗಳೆಲ್ಲ ಬದಲಾಗಿ ಕೃತ್ಯ ಬಯಲಾಗುತ್ತದೆ. ಇತರರೊಡನೆ ಹಂಚಿಕೊಂಡ ಮೇಲೆ ಹಿಂದಿನದನ್ನು ಅಳಿಸಬಾರದು. ತಪ್ಪಾಗಿದ್ದರೆ ತಪ್ಪನ್ನು ರದ್ದುಗೊಳಿಸುವ ಹೊಸ ನಮೂದನ್ನು ಹಾಕಬೇಕು. ಇದು ಆ ಸಮಾಜದ ಶಿಷ್ಟಾಚಾರ. ಐವತ್ತು ವರ್ಷ ಕಿರ್ದಿ, ಖತಾವಣಿ ಬರೆದ ಕೈಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಕಿರ್ದಿಯಲ್ಲಿ ಕೆರೆಯಬಾರದು, ಮಸಿ ಬಳಿಯಬಾರದು, ಹಾಳೆ ಹರಿಯಬಾರದು. ತಪ್ಪಿದ್ದನ್ನು ಎದುರು ಜಮಾ ಅಥವಾ ಎದುರು ಖರ್ಚು ಹಾಕಿ ಸರಿಪಡಿಸಬೇಕು ಎಂದು ಅವರ ತಂದೆ ಕಲಿಸಿದ್ದರು. "ಹಾಗಾದರೆ ನಿಮ್ಮಲ್ಲೂ ಲೆಕ್ಕವಿದೆ" ಎಂದು ಅವರು ಸಮಾಧಾನಗೊಂಡರು.

ಸಮಾಧಾನ ಬಹಳ ಹೊತ್ತು ನಿಲ್ಲಲಿಲ್ಲ. ಅಂಗಡಿಯ ಗಣಕದಲ್ಲಿದ್ದ ಲೆಕ್ಕದ ತಂತ್ರಾಂಶವನ್ನು ಹಲವು ವರ್ಷಗಳ ಹಿಂದೆ ಪರಿಚಯದವನೊಬ್ಬ ಕೆಲವೇ ನೂರು ರೂಪಾಯಿಗಳಿಗೆ ತಂದು ಹಾಕಿಕೊಟ್ಟಿದ್ದ. ಅದು ಬೀಗ ಮುರಿದ ಪ್ರತಿಯೆಂದು ಮೊಮ್ಮಗ ಅಳುಕುತ್ತಲೇ ಹೇಳಿದ. ಅಚೌರ್ಯಾಣುವ್ರತಕ್ಕೆ ತತ್ತ್ವಾರ್ಥಸೂತ್ರವು ಹೇಳುವ ಐದು ಅತಿಚಾರಗಳು ಈ ಪತ್ರಿಕೆಯ ಓದುಗರಿಗೆ ಪರಿಚಿತವೇ ಆಗಿವೆ: ಸ್ತೇನಪ್ರಯೋಗ, ತದಾಹೃತಾದಾನ, ವಿರುದ್ಧರಾಜ್ಯಾತಿಕ್ರಮ, ಹೀನಾಧಿಕಮಾನೋನ್ಮಾನ, ಪ್ರತಿರೂಪಕವ್ಯವಹಾರ. ತಕ್ಕಡಿಯಲ್ಲಿ ಮೋಸವಿಲ್ಲ, ಕಲಬೆರಕೆಯಿಲ್ಲ ಎಂದು ಎದೆ ತಟ್ಟಿಕೊಳ್ಳುವ ಎಷ್ಟೋ ಅಂಗಡಿಗಳಲ್ಲಿ ಎರಡನೆಯದು, ಅಂದರೆ ಕಳವಿನ ಮಾಲನ್ನು ಕೊಳ್ಳುವುದು, ಮೇಜಿನ ಮೇಲೆಯೇ ಕುಳಿತು ದಿನನಿತ್ಯ ರಶೀದಿ ಮುದ್ರಿಸುತ್ತಿರುತ್ತದೆ. ವರ್ತಕರು ಆ ವಾರವೇ ಹಣ ತೆತ್ತು ಅಧಿಕೃತ ಪ್ರತಿಯನ್ನು ತರಿಸಿದರು. ಕಳೆದ ವರ್ಷಗಳ ಬಾಕಿಗೆ ಯಾವ ಎದುರು ನಮೂದು ಹಾಕಬೇಕೆಂಬುದು ಅವರಿಗೆ ಹೊಳೆಯಲಿಲ್ಲ.

ಕೊಟ್ಟದ್ದನ್ನು ಪಡೆಯುವುದರಲ್ಲಿ ದೋಷವಿಲ್ಲ. ಈ ವೃತ್ತಿಯಲ್ಲಿ ಕೊಟ್ಟವರಿಗೇನೂ ಕೊರತೆಯೂ ಇಲ್ಲ. ಮಂಗಳೂರಿನ ಸಮೀಪದ ಕಿನ್ನಿಕಂಬಳದವರಾದ ಕೆ.ಪಿ. ರಾವ್ ಅವರು ಕನ್ನಡದ ಸ್ವರ, ವ್ಯಂಜನ, ಒತ್ತಕ್ಷರಗಳೆಲ್ಲ ಆಂಗ್ಲ ಕೀಲಿಮಣೆಯ ಇಪ್ಪತ್ತಾರು ಕೀಲಿಗಳಲ್ಲಿಯೇ ತರ್ಕಬದ್ಧವಾಗಿ ಮೂಡುವಂತೆ ವಿನ್ಯಾಸವನ್ನು ರೂಪಿಸಿ, ಅದರ ಮೇಲೆ ಹಕ್ಕು ಸಾಧಿಸದೆ ನಾಡಿಗೆ ಬಿಟ್ಟುಕೊಟ್ಟರು. ಮುಂದೆ ಸರ್ಕಾರ ಅಂಗೀಕರಿಸಿದ ವಿನ್ಯಾಸಕ್ಕೂ, 'ನುಡಿ' ತಂತ್ರಾಂಶಕ್ಕೂ ಅದೇ ಆಧಾರವಾಯಿತು. 1998ರಲ್ಲಿ ಶೇಷಾದ್ರಿವಾಸು ಅವರು 'ಬರಹ'ವನ್ನು ಸಿದ್ಧಪಡಿಸಿ ಉಚಿತವಾಗಿ ಹಂಚಿದರು. ಎಷ್ಟೋ ಬಸದಿಗಳ ಆಮಂತ್ರಣ ಪತ್ರಗಳೂ ಪಂಚಾಂಗಗಳೂ ಆ ಅಕ್ಷರಗಳಲ್ಲಿಯೇ ಅಚ್ಚಾದವು. ದಾನಗಳ ಸಾಲಿನಲ್ಲಿ ಶಾಸ್ತ್ರದಾನಕ್ಕಿರುವ ಸ್ಥಾನವನ್ನು ಬಲ್ಲವರಿಗೆ ಇದರ ಬೆಲೆಯನ್ನು ಬೇರೆ ಹೇಳಬೇಕಾಗಿಲ್ಲ. ಆದರೆ ದಾನಿಗಳ ಬಗ್ಗೆ ಯಾರೂ ಚಲನಚಿತ್ರ ತೆಗೆಯುವುದಿಲ್ಲ.

ಮರುದಿನ ನಡೆದ ಘಟನೆಯೇ ಈ ಲೇಖನದ ನಿಜವಾದ ವಿಷಯ. ಸಾಬೂನು, ಎಣ್ಣೆ, ಚಹಾಪುಡಿಗಳನ್ನು ಪೂರೈಸುವ ಸಗಟು ವಿತರಕ ಸಂಸ್ಥೆಯೊಂದು ತನ್ನ ಗಿರಾಕಿ ವರ್ತಕರಿಗಾಗಿ ಅಂತರಜಾಲದಲ್ಲಿ ಬೇಡಿಕೆ ಸಲ್ಲಿಸುವ ವ್ಯವಸ್ಥೆಯನ್ನು ಮಾಡಿತ್ತು. ಅಜ್ಜನ ಪರವಾಗಿ ಮೊಮ್ಮಗ ಅದನ್ನು ತೆರೆದ. ವಿಳಾಸದ ಸಾಲಿನ ಕೊನೆಯಲ್ಲಿ ಅಂಗಡಿಯ ಗ್ರಾಹಕ ಸಂಖ್ಯೆಯಿತ್ತು. ಅದನ್ನು ಮತ್ತೊಮ್ಮೆ ಕೈಯಿಂದ ಬರೆಯುವಾಗ ಒಂದು ಅಂಕೆ ತಪ್ಪಿತು. ತಪ್ಪು ಸಂಖ್ಯೆಯೆಂಬ ಸೂಚನೆ ಬರಲಿಲ್ಲ. ಯಾವುದೋ ದೂರದ ಊರಿನ ಅಂಗಡಿಯ ಲೆಕ್ಕ ತೆರೆದುಕೊಂಡಿತು. ಗುಪ್ತಪದ ಕೇಳಲಿಲ್ಲ. ಬಾಗಿಲಿತ್ತು, ಅಗುಳಿಯಿರಲಿಲ್ಲ.

ಇಲ್ಲಿಯವರೆಗೆ ಅದು ಕೈತಪ್ಪು. ಆದರೆ ಆ ವೃತ್ತಿಯವರಿಗೆ ಒಂದು ಕುತೂಹಲ ಸ್ವಭಾವಸಿದ್ಧವಾಗಿರುತ್ತದೆ. ಇದು ಒಂದೇ ಬಾರಿಗೋ, ಪ್ರತಿ ಬಾರಿಯೂ ಹೀಗೆಯೋ ಎಂದು ತಿಳಿಯಬೇಕು. ಆತ ಇನ್ನೊಂದು ಅಂಕೆಯನ್ನು ಬೇಕೆಂದೇ ಬದಲಿಸಿದ. ಈ ಬಾರಿ ತೆರೆದದ್ದು ದಾಂಡೇಲಿಯ ಅದೇ ಬೀದಿಯ ಇನ್ನೊಂದು ಅಂಗಡಿಯ ಲೆಕ್ಕ. "ಅಜ್ಜಾ, ಅವರಿಗೆ ಚಹಾಪುಡಿ ಕಿಲೋಗೆ ಹನ್ನೊಂದು ರೂಪಾಯಿ ಕಡಿಮೆಗೆ ಬರುತ್ತಿದೆ" ಎಂಬ ಮಾತು ಅವನ ಬಾಯಿಯಿಂದ ಹೊರಬಿದ್ದ ಮೇಲೆಯೇ ತಾನು ಏನು ಹೇಳಿದೆನೆಂಬ ಅರಿವು ಅವನಿಗಾಯಿತು.

ಅದತ್ತಾದಾನವೆಂದರೆ ಕೊಡದುದನ್ನು ತೆಗೆದುಕೊಳ್ಳುವುದು. ಈ ಸೂತ್ರವನ್ನು ವ್ಯಾಖ್ಯಾನಿಸುವಾಗ ಸರ್ವಾರ್ಥಸಿದ್ಧಿಯಲ್ಲಿ ಪೂಜ್ಯಪಾದ ಆಚಾರ್ಯರು ಒಂದು ಸ್ವಾರಸ್ಯವಾದ ಆಕ್ಷೇಪವನ್ನು ಎತ್ತಿಕೊಳ್ಳುತ್ತಾರೆ. ಭಿಕ್ಷುವು ಊರಿನ ಬೀದಿಯಲ್ಲಿ ನಡೆಯುತ್ತಾನೆ, ಊರ ಬಾಗಿಲನ್ನು ಹೊಗುತ್ತಾನೆ. ಯಾರೂ ಅವನಿಗೆ ಅವನ್ನು ಕೊಟ್ಟಿಲ್ಲವಾದ್ದರಿಂದ ಅವನಿಗೂ ಚೌರ್ಯದೋಷ ತಟ್ಟುವುದಿಲ್ಲವೇ? ಇಲ್ಲ, ಬೀದಿಯೂ ಊರ ಬಾಗಿಲೂ ಸರ್ವರಿಗೂ ಸಾಮಾನ್ಯವಾಗಿ ಬಿಟ್ಟಿರುವಂಥವು. ಅದೇ ಭಿಕ್ಷು ಮುಚ್ಚಿದ ಬಾಗಿಲನ್ನು ತೆರೆದು ಒಳಹೊಗುವುದಿಲ್ಲ, ಏಕೆಂದರೆ ಅದನ್ನು ಹಾಗೆ ಬಿಟ್ಟಿಲ್ಲ ಎಂಬುದು ಆಚಾರ್ಯರ ಸಮಾಧಾನ. ಜೊತೆಗೆ, ಪ್ರಮತ್ತಯೋಗವಿದ್ದಲ್ಲಿಯೇ ದೋಷವೆಂದೂ ಅವರು ಗ್ರಹಿಸುತ್ತಾರೆ. ಗಮನಿಸಬೇಕಾದುದೆಂದರೆ, ಅಲ್ಲಿ ಕೇಳಿರುವುದು ಬೀಗವಿದೆಯೋ ಇಲ್ಲವೋ ಎಂಬುದನ್ನಲ್ಲ. ಎಲ್ಲರಿಗಾಗಿ ಬಿಟ್ಟದ್ದೋ ಅಲ್ಲವೋ ಎಂಬುದನ್ನು. ಬೀಗ ಹಾಕಲು ಮರೆತವನ ಮನೆ ಬೀದಿಯಾಗುವುದಿಲ್ಲ. ಬೇರೆಯವರ ಲೆಕ್ಕವೆಂದು ತಿಳಿದ ಮೇಲೆ ಬದಲಿಸಿದ ಎರಡನೆಯ ಅಂಕೆಗೆ ಕೈತಪ್ಪಿನ ಆಶ್ರಯವಿಲ್ಲ.

ಭಾರತದ ಕಾನೂನು ಹೆಚ್ಚುಕಡಮೆ ಇದೇ ಜಾಡಿನಲ್ಲಿ ಸಾಗಿರುವುದು ವಿಚಾರಣೀಯ. 2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮದ 66ನೆಯ ಪ್ರಕರಣಕ್ಕೆ ಮೊದಲು 'ಹ್ಯಾಕಿಂಗ್' ಎಂಬ ಶೀರ್ಷಿಕೆಯೇ ಇತ್ತು. 2008ರ ತಿದ್ದುಪಡಿ ಆ ಮಾತನ್ನು ಕೈಬಿಟ್ಟಿತು. ಒಡೆಯನ ಅನುಮತಿಯಿಲ್ಲದೆ ಗಣಕವನ್ನು ಹೊಗುವುದು 43ನೆಯ ಪ್ರಕರಣದಂತೆ ನಷ್ಟಪರಿಹಾರಕ್ಕೆ ಗುರಿ. ಅದನ್ನೇ ಅಪ್ರಾಮಾಣಿಕವಾಗಿ ಅಥವಾ ವಂಚನೆಯ ಬುದ್ಧಿಯಿಂದ ಮಾಡಿದರೆ ಮೂರು ವರ್ಷಗಳವರೆಗೆ ಸೆರೆವಾಸ, ಐದು ಲಕ್ಷ ರೂಪಾಯಿಗಳವರೆಗೆ ದಂಡ, ಅಥವಾ ಎರಡೂ. ಪ್ರಮಾದದ ಫಲವಂತೂ ಕೆಟ್ಟ ಬುದ್ಧಿಯಿಲ್ಲದಿದ್ದರೂ ಬಿಡುವುದಿಲ್ಲ. 1988ರ ನವೆಂಬರ್ 2ರಂದು ಅಮೆರಿಕದ ವಿದ್ಯಾರ್ಥಿ ರಾಬರ್ಟ್ ಮೋರಿಸ್ ಗಣಕದಿಂದ ಗಣಕಕ್ಕೆ ತಾನೇ ಹರಡುವ ಪುಟ್ಟ ತಂತ್ರಾಂಶವೊಂದನ್ನು ಬಿಟ್ಟ. ಈಗಾಗಲೇ ಹೊಕ್ಕ ಗಣಕವನ್ನು ಮತ್ತೆ ಹೊಗದಂತೆ ಅದು ವಿಚಾರಿಸುತ್ತಿತ್ತಾದರೂ, ಏಳರಲ್ಲಿ ಒಂದು ಬಾರಿ ಉತ್ತರವನ್ನು ಲೆಕ್ಕಿಸದೆ ನುಗ್ಗುವಂತೆ ಬರೆಯಲಾಗಿತ್ತು. ಆ ಏಳರಲ್ಲೊಂದೇ ಸಾವಿರಾರು ಗಣಕಗಳ ಉಸಿರು ಕಟ್ಟಿಸಿತು. ನಾಶ ಮಾಡುವ ಉದ್ದೇಶವಿರಲಿಲ್ಲವೆಂದು ಹೇಳಿದರೂ ನ್ಯಾಯಾಲಯ 1990ರಲ್ಲಿ ಮೂರು ವರ್ಷಗಳ ಪರೀಕ್ಷಾವಧಿ, 400 ಗಂಟೆಗಳ ಸಮಾಜಸೇವೆ, 10,050 ಡಾಲರ್ ದಂಡ ವಿಧಿಸಿತು. ಮುಂದೆ ಅದೇ ಮೋರಿಸ್ ಮೆಸಾಚುಸೆಟ್ಸ್ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದರು.

ಈಗ ಮೊಮ್ಮಗನ ಮುಂದಿದ್ದ ಪ್ರಶ್ನೆ, ಕಂಡದ್ದನ್ನು ಏನು ಮಾಡಬೇಕೆಂಬುದು. ಸುಮ್ಮನಿದ್ದರೆ ನೂರಾರು ವರ್ತಕರ ಲೆಕ್ಕ ಬೀದಿಗೆ ಬಿದ್ದಂತೆಯೇ ಇರುತ್ತದೆ. ಊರಿಗೆಲ್ಲ ಸಾರಿದರೆ ನಿಜವಾದ ಕಳ್ಳನಿಗೆ ದಾರಿ ತೋರಿಸಿದಂತಾಗುತ್ತದೆ. ಈ ವೃತ್ತಿಯಲ್ಲಿ ಬೆಳೆದುಬಂದಿರುವ ಮರ್ಯಾದೆಯೆಂದರೆ, ದೋಷವನ್ನು ಮೊದಲು ಒಡೆಯನಿಗೆ ಮಾತ್ರ ಗುಟ್ಟಾಗಿ ತಿಳಿಸಿ, ಸರಿಪಡಿಸಲು ಕಾಲಾವಕಾಶ ಕೊಡುವುದು. ಇದಕ್ಕೆ ಮೇಲ್ಪಂಕ್ತಿ 2008ರ ಒಂದು ಸಂಗತಿ. ಅಂತರಜಾಲದಲ್ಲಿ ಹೆಸರುಗಳನ್ನು ಸಂಖ್ಯೆಗಳಾಗಿ ಮಾರ್ಪಡಿಸುವ ವಿಳಾಸದ ವ್ಯವಸ್ಥೆಯಲ್ಲಿಯೇ ದೊಡ್ಡ ದೋಷವಿರುವುದನ್ನು ಡ್ಯಾನ್ ಕಮಿನ್‌ಸ್ಕಿ ಎಂಬ ತರುಣ ತಜ್ಞ ಕಂಡುಹಿಡಿದ. ಬ್ಯಾಂಕಿನ ಹೆಸರನ್ನು ಬರೆದವನನ್ನು ಕಳ್ಳನ ಮನೆಗೆ ಕಳುಹಿಸಬಲ್ಲ ದೋಷ ಅದು. ಆತ ಅದನ್ನು ಮಾರಲಿಲ್ಲ, ಕೀರ್ತಿಗಾಗಿ ಕೂಗಲೂ ಇಲ್ಲ. ಒಬ್ಬರಿಗೊಬ್ಬರು ಸ್ಪರ್ಧಿಗಳಾದ ಕಂಪನಿಗಳ ತಂತ್ರಜ್ಞರನ್ನು ಸದ್ದಿಲ್ಲದೆ ಕೂಡಿಸಿದ. ತಿಂಗಳುಗಟ್ಟಲೆ ಗುಟ್ಟು ಕಾಯ್ದು, ಜುಲೈ 8ರಂದು ಎಲ್ಲರೂ ಒಂದೇ ದಿನ ಪರಿಹಾರವನ್ನು ಹೊರತಂದರು. 2021ರಲ್ಲಿ, ಇನ್ನೂ ನಡುವಯಸ್ಸಿನಲ್ಲಿಯೇ ಆತ ತೀರಿಕೊಂಡಾಗ ಲೋಕದ ದೊಡ್ಡ ಪತ್ರಿಕೆಗಳು ಅವನನ್ನು ಸ್ಮರಿಸಿದವು. ದೋಷದ ವಿವರಗಳನ್ನು ಬಿಡಿಸಿ ಹೇಳಿದ ಸಭೆಗೆ ಅವನ ಅಜ್ಜಿ ಸ್ವತಃ ಬಿಸ್ಕತ್ತು ಮಾಡಿ ತಂದಿದ್ದರೆಂಬುದನ್ನು ಕೇಳಿ ದಾಂಡೇಲಿಯ ಅಜ್ಜ ಮೊದಲ ಬಾರಿಗೆ ನಕ್ಕರು.

ಪತ್ರ ಬರೆಯುವುದು ನಿಶ್ಚಯವಾಯಿತು. ಆದರೆ ಮೊಮ್ಮಗ ಬರೆದ ಮೊದಲ ಕರಡಿನಲ್ಲಿ ಸತ್ಯವಿದ್ದರೂ ಮಾತು ಚುಚ್ಚುವಂತಿತ್ತು. ಇಷ್ಟೂ ತಿಳಿಯದವರು ಈ ಕೆಲಸಕ್ಕೆ ಏಕೆ ಕೈ ಹಾಕಿದಿರಿ ಎಂಬ ಧಾಟಿ. ಈ ಧಾಟಿ ಅವನೊಬ್ಬನದಲ್ಲ, ಆ ವೃತ್ತಿಗೆ ಹಿಡಿದ ಹಳೆಯ ಜಾಡ್ಯ. ಹೊಸಬನು ಅರಿಯದೆ ಪ್ರಶ್ನೆ ಕೇಳಿದರೆ ಕೈಪಿಡಿ ಓದಿಕೊಂಡು ಬಾ ಎಂದು ಗದರಿಸುವುದು ಅಲ್ಲಿ ಬಹುಕಾಲ ಜಾಣತನವೆನಿಸಿತ್ತು. ಸಹೋದ್ಯೋಗಿಗಳಿಗೆ ಕಟುವಾದ ಪತ್ರಗಳನ್ನು ಬರೆಯುವುದರಲ್ಲಿ ಮೇಲೆ ಹೇಳಿದ ಟೋರ್ವಾಲ್ಡ್ಸ್ ಅವರೇ ಪ್ರಸಿದ್ಧರಾಗಿದ್ದರು. 2018ರ ಸೆಪ್ಟೆಂಬರಿನಲ್ಲಿ ಅವರು ತಮ್ಮ ಮಾತಿನಿಂದ ನೊಂದವರ ಕ್ಷಮೆಯನ್ನು ಬಹಿರಂಗವಾಗಿ ಯಾಚಿಸಿ, ಕೆಲವು ವಾರ ಕೆಲಸದಿಂದ ದೂರ ಉಳಿದರು. ಅದೇ ಸಮಯದಲ್ಲಿ ಆ ಬಳಗವು ತನಗೊಂದು ನಡವಳಿಕೆಯ ಸಂಹಿತೆಯನ್ನು ವಿಧಿಸಿಕೊಂಡಿತು. ಭಾದ್ರಪದದಲ್ಲಿಯೇ ಕ್ಷಮಾಪಣೆಯ ದಿನವನ್ನು ಆಚರಿಸುವ ಸಮಾಜಕ್ಕೆ ಇದರಲ್ಲಿ ಹೊಸತೇನೂ ಕಾಣದಿರಬಹುದು. ಆದರೂ ಲಕ್ಷಾಂತರ ಜನ ಗುರುವೆಂದು ಕಾಣುವವನು ಹಾಗೆ ಬರೆಯುವುದು ಸುಲಭವಾಗಿರಲಾರದು.

ಅಜ್ಜ ಕರಡನ್ನು ಓದಿಸಿ ಕೇಳಿ, ಎರಡು ವಾಕ್ಯಗಳನ್ನು ತೆಗೆಸಿದರು, ಒಂದನ್ನು ಸೇರಿಸಿದರು. ಸೇರಿಸಿದ್ದು ಇದು: ಎರಡನೆಯ ಲೆಕ್ಕವನ್ನು ತೆರೆದದ್ದು ಕೈತಪ್ಪಿನಿಂದಲ್ಲ, ಬುದ್ಧಿಪೂರ್ವಕವಾಗಿ, ಅದು ತಪ್ಪು. "ಅದನ್ನೇಕೆ ಬರೆಯಬೇಕು? ಅವರಿಗೆ ತಿಳಿಯುವುದೇ ಇಲ್ಲ" ಎಂದು ಮೊಮ್ಮಗ ವಾದಿಸಿದ. ಅಜ್ಜ, ಕಿರ್ದಿಯಲ್ಲಿ ಬರೆಯದೆ ಬಿಟ್ಟದ್ದೂ ಅಳಿಸಿದ್ದಕ್ಕೆ ಸಮ ಎಂದಷ್ಟೇ ಹೇಳಿದರು.

ಆ ಪ್ರಾಮಾಣಿಕತೆಗೆ ತಕ್ಷಣ ದೊರೆತ ಫಲ ಬೆದರಿಕೆ. ಅನುಮತಿಯಿಲ್ಲದೆ ದಾಖಲೆಗಳನ್ನು ನೋಡಿದ್ದಕ್ಕಾಗಿ ಕ್ರಮ ಕೈಗೊಳ್ಳಲಾಗುವುದೆಂದು ಸಂಸ್ಥೆಯ ಕಡೆಯಿಂದ ಉತ್ತರ ಬಂದಿತು. ಪತ್ರದ ಆ ಒಂದು ವಾಕ್ಯವನ್ನೇ ಅವರು ಎತ್ತಿ ತೋರಿಸಿದ್ದರು. ಮನೆಯಲ್ಲಿ ಎರಡು ದಿನ ಯಾರೂ ಸರಿಯಾಗಿ ಮಾತನಾಡಲಿಲ್ಲ. ಸೊಸೆ ಮಾವನೆದುರು ಏನನ್ನೂ ಹೇಳದಿದ್ದರೂ, ಮಗನ ಉದ್ಯೋಗಕ್ಕೆ ಸಂಚಕಾರ ತಂದವರು ಯಾರೆಂಬುದು ಅವಳ ಮುಖದಲ್ಲಿಯೇ ಇತ್ತು. ಮೂರು ವಾರಗಳ ನಂತರ ಬಾಗಿಲಿಗೆ ಅಗುಳಿ ಬಂದಿತು. ಪ್ರತಿಯೊಂದು ಲೆಕ್ಕಕ್ಕೂ ಗುಪ್ತಪದ ಕೇಳತೊಡಗಿತು. ಕ್ರಮದ ಮಾತು ಮತ್ತೆ ಬರಲಿಲ್ಲ. ಕೃತಜ್ಞತೆಯ ಮಾತೂ ಬರಲಿಲ್ಲ. ಇಂತಹ ಸೂಚನೆಗಳನ್ನು ಸ್ವೀಕರಿಸಲೆಂದೇ 2004ರಿಂದ ಕೇಂದ್ರ ಸರ್ಕಾರದ 'ಸರ್ಟ್-ಇನ್' ಎಂಬ ಸಂಸ್ಥೆಯಿದೆ. ಮೊದಲೇ ಅದರ ಮೂಲಕ ಬರೆದಿದ್ದರೆ ಮನೆಯವರಿಗೆ ಆ ಮೂರು ವಾರಗಳ ಕಳವಳ ತಪ್ಪುತ್ತಿತ್ತೇನೋ.

ಉಳಿದದ್ದು ಹನ್ನೊಂದು ರೂಪಾಯಿಯ ಮಾತು. ಅಂಗಡಿಗಳ ನಡುವೆ ದರದಲ್ಲಿ ಭೇದವಿದೆಯೆಂಬ ಸಂಶಯ ಆ ವರ್ತಕರಿಗೆ ಹಲವು ವರ್ಷಗಳಿಂದ ಇತ್ತು. ಈಗ ಅದು ಸಂಶಯವಲ್ಲ. ಪರದೆಯ ಚಿತ್ರವನ್ನು ಮೊಮ್ಮಗ ಅಳಿಸಿದ್ದ. ಕೇಳಿದ ಸಂಖ್ಯೆಯನ್ನು ಕಿವಿಯಿಂದ ಅಳಿಸುವ ಉಪಾಯ ಮಾತ್ರ ಇರಲಿಲ್ಲ.

ದೀಪಾವಳಿಯ ಬೇಡಿಕೆಗೆಂದು ವಿತರಕರ ಪ್ರತಿನಿಧಿ ಎಂದಿನಂತೆ ಅಂಗಡಿಗೆ ಬಂದ. ಪತ್ರದ ಸಂಗತಿ ಅವನಿಗೆ ತಿಳಿದಿತ್ತೋ ಇಲ್ಲವೋ, ಅವನ ಮಾತಿನಲ್ಲಿ ಸುಳಿವಿರಲಿಲ್ಲ. ಚಹಾಪುಡಿಯ ದರದಲ್ಲಿ ಏನಾದರೂ ಕಡಿಮೆ ಮಾಡಿಕೊಡಬಹುದೇ ಎಂದು ಪ್ರತಿ ವರ್ಷ ಕೇಳುವಂತೆಯೇ ವರ್ತಕರು ಕೇಳಿದರು. "ಕಾಕಾ, ಊರಿಗೆಲ್ಲ ಒಂದೇ ದರ, ನಿಮಗೆ ಗೊತ್ತಿಲ್ಲವೇ?" ಎಂದು ಆತ ನಗುತ್ತ ಹೇಳಿದ. ಬೀದಿಯ ಆಚೆ ಬದಿಯ ಅಂಗಡಿಯವನು ತನ್ನ ಹಲಗೆಗಳನ್ನು ತೆಗೆಯುತ್ತಿದ್ದ. ವರ್ತಕರು ಒಂದು ಕ್ಷಣ ಅತ್ತ ನೋಡಿ, ಹಿಂದಿನ ವರ್ಷದ ದರವನ್ನೇ ಬರೆಯಿಸಿ, ಚೀಟಿಗೆ ಸಹಿ ಹಾಕಿ, ಪ್ರತಿನಿಧಿಗೆ ಚಹಾ ತರಿಸಿದರು.